ಸಾದಿಲ್ವಾರು ಬಾಬ್ತಿನ ಕಿಂದರಿಜೋಗಿ

“ಸಾದಿಲ್ವಾರು ಬಾಬ್ತಿನಲ್ಲಿ 60 ರೂಪಾಯಿ ಇದೆ ಮೇಷ್ಟ್ರೇ. ಸೀಮೆಸುಣ್ಣಕ್ಕೂ ನೀರಿನ ಕೊಡಕ್ಕೂ ಹತ್ತು ತೆಗೆದಿಟ್ಟರೆ ಉಳಿಯೋದು ಐವತ್ತು. ಅದರಲ್ಲೇ ಅತಿಥಿಗಳ ಹಾರ, ಅದರಲ್ಲೇ ನಿಮ್ಮ ನಾಟಕ. ಹಾರ ಮೊದಲು,” ಎಂದರು ನಮ್ಮ ಹೆಡ್‌ಮೇಷ್ಟ್ರು. 1976ರ ಜನವರಿಯ ಮಾತು ಇದು. ಸಾಗರದಿಂದ ಬಸ್ಸಿಗೆ 90 ಪೈಸೆ, ಇಳಿದ ಮೇಲೆ ಗದ್ದೆಯ ಅಂಚು ಹಿಡಿದು ಅರ್ಧ ಗಂಟೆ ನಡೆದರೆ ನಮ್ಮ ಶಾಲೆ. ಹಂಚಿನ ಮಾಡು, ಎರಡು ಕೋಣೆ, ಉದ್ದಕ್ಕೊಂದು ಜಗುಲಿ. ನನಗೆ ಇಪ್ಪತ್ತಮೂರು ವರ್ಷ, ಸಂಬಳ ಇನ್ನೂರ ಚಿಲ್ಲರೆ, ಮೈಮೇಲೆ ಖಾದಿ ಜುಬ್ಬ, ಮುಖದ ಮೇಲೆ ಅಲ್ಲೊಂದು ಇಲ್ಲೊಂದು ಹುಟ್ಟಿದ ಗಡ್ಡ.

ಗಡ್ಡಕ್ಕೂ ಜುಬ್ಬಕ್ಕೂ ಕಾರಣ ಬಿ.ವಿ. ಕಾರಂತರು. 1972ರಲ್ಲಿ ಬೆಂಗಳೂರಿನಲ್ಲಿದ್ದಾಗ ಅವರು ಬಯಲಿನಲ್ಲಿ ಆಡಿಸಿದ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನೋಡಿದ್ದೆ. ನಾಟಕವಿಡೀ ಹಾಡು, ಹಾಡಿನೊಳಗೇ ಮಾತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನನ್ನೊಳಗೂ ಒಬ್ಬ ಕಾರಂತ ಇದ್ದಾನೆಂದು ಬೆಳಗಿನ ಹೊತ್ತಿಗೆ ಖಾತ್ರಿಯಾಗಿತ್ತು. ಆ ಕಾರಂತನನ್ನು ಹೊರಗೆ ತರಲು ಸಿಕ್ಕ ಜಾಗವೆಂದರೆ ಈ ಶಾಲೆ. ಎರಡನೇ ತರಗತಿಗೆ ಮಗ್ಗಿ ಹೇಳಿಕೊಡುತ್ತ, ಕಿಟಕಿಯ ಹೊರಗೆ ನೋಡುತ್ತ, ರಂಗಗೀತೆಯ ಕನಸು ಕಾಣುತ್ತಿದ್ದೆ. ಮಕ್ಕಳು ನನ್ನ ಬೆನ್ನ ಹಿಂದೆ ನನ್ನ ಗಡ್ಡ ನೀವುವ ರೀತಿಯನ್ನು ಅಣಕಿಸುತ್ತಿದ್ದರು. ಇಂಥವರು ನಟನೆಗೆ ಆಗುತ್ತಾರೆ ಎಂದು ನನಗೆ ಧೈರ್ಯ ಬಂದದ್ದೂ ಅದರಿಂದಲೇ.

ಆದರೆ ಮಕ್ಕಳು ಎಲ್ಲಿದ್ದರು? ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಹಿಂದಕ್ಕೆ ಬಂದಾಗ ನಮ್ಮ ಸುತ್ತಲಿನ ಎಷ್ಟೋ ಕೇರಿಗಳು ನೀರಿನಡಿ ಹೋದವು. ‘ಮುಳುಗಡೆ’ಯವರು ಲಾರಿ ಹತ್ತಿ ಶಿವಮೊಗ್ಗದ ಕಡೆ ಹೋದರು. ಅವರ ಜೊತೆ ಅವರ ಮಕ್ಕಳೂ ಹೋದರು. ನಾನು ಸೇರುವ ಹೊತ್ತಿಗೆ ಒಂದರಿಂದ ಏಳರವರೆಗೆ ಎಲ್ಲ ಸೇರಿ 41 ಮಕ್ಕಳು. ಅದರಲ್ಲೂ ಜನವರಿ ಎಂದರೆ ಅಡಿಕೆ ಸುಗ್ಗಿ. ಸ್ವಲ್ಪ ಕೈ ಓಡುವ ಮಗುವೆಲ್ಲ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ. ಡಬ್ಬಕ್ಕೆ ನಾಲ್ಕಾಣೆ ಸಿಗುವಾಗ ನಾಟಕಕ್ಕೆ ಯಾರು ಕಳಿಸುತ್ತಾರೆ? ಮನೆಮನೆ ತಿರುಗಿ, ಕೈಮುಗಿದು, ಕವಳ ಹಾಕಿಸಿಕೊಂಡು, ಕೊನೆಗೆ ಒಟ್ಟು ಮಾಡಿದ್ದು ಹದಿಮೂರು ಮಕ್ಕಳನ್ನು.

ಹದಿಮೂರೇ ಮಕ್ಕಳಿದ್ದಾಗ ಬುದ್ಧಿ ಇದ್ದವ ಎಂಥ ನಾಟಕ ಆರಿಸುತ್ತಾನೆ? ಹಸು, ಹುಲಿ, ಕರು, ಗೊಲ್ಲ, ಅಲ್ಲಿಗೆ ಮುಗಿಯಿತು. ನಾನು ಆರಿಸಿದ್ದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಇಂಗ್ಲಿಷಿನ ರಾಬರ್ಟ್ ಬ್ರೌನಿಂಗ್ ಜರ್ಮನಿಯ ಹ್ಯಾಮೆಲಿನ್ ಊರಿನ ಇಲಿಗಳ ಮೇಲೆ ಬರೆದ ಪದ್ಯವನ್ನು ಕುವೆಂಪು ತುಂಗೆಯ ದಡಕ್ಕೆ ತಂದು ಕೂರಿಸಿದ್ದರು. ಅಲ್ಲಿ ಮೇಯರು, ಇಲ್ಲಿ ಗೌಡ. ಅಲ್ಲಿ ಕೊಳಲು, ಇಲ್ಲಿ ಕಿಂದರಿ. ಪದ್ಯ ಎಲ್ಲ ಮಕ್ಕಳಿಗೂ ಬಾಯಿಗೆ ಬರುತ್ತಿತ್ತು, ಪುಸ್ತಕದ ಖರ್ಚಿಲ್ಲ ಎಂಬುದು ಲಾಭ. ಊರು ತುಂಬ ಇಲಿ ಬೇಕು, ಇಲಿ ಹೋದ ಮೇಲೆ ಬೀದಿ ತುಂಬ ಮಕ್ಕಳು ಬೇಕು ಎಂಬುದು ಆಮೇಲೆ ಹೊಳೆಯಿತು. ಜೋಗಿ, ಗೌಡ, ಗೌಡನ ಹೆಂಡತಿ, ತಳವಾರ, ಹಾಡುವ ಮೇಳಕ್ಕೆ ಇಬ್ಬರು. ಇಷ್ಟು ಕಳೆದರೆ ಇಲಿಗಳಾಗಿ ಉಳಿದವರು ಏಳು. ಹೆಡ್‌ಮೇಷ್ಟ್ರು ಬೆರಳು ಮಡಚಿ ಎಣಿಸಿ, “ಏಳು ಇಲಿಗೆ ಜೋಗಿಯನ್ನ ಕರೆಸೋ ಊರು ಯಾವುದು ಮಾರಾಯ್ರೇ? ಒಂದು ಬೆಕ್ಕು ಸಾಕಲ್ಲ?” ಎಂದರು.

ತಾಲೀಮಿಗೆ ಮಕ್ಕಳು ಬರದಿದ್ದರೆ ತಾಲೀಮೇ ಅವರಿದ್ದಲ್ಲಿಗೆ ಹೋಗಬೇಕಾಯಿತು. ರಾತ್ರಿ ಎಂಟರ ಮೇಲೆ ದೊಡ್ಡ ಮನೆಯೊಂದರ ಅಂಗಳದ ಚಪ್ಪರದಡಿ ಅಡಿಕೆ ಸುಲಿಯುವವರು ಸಾಲಾಗಿ ಕೂರುತ್ತಿದ್ದರು, ನಡುವೆ ಎರಡು ಲಾಟೀನು. ಹಸಿ ಅಡಿಕೆ ಸಿಪ್ಪೆಯ ಒಗರು ವಾಸನೆ, ಪಕ್ಕದ ಒಲೆಯ ಹಂಡೆಯಲ್ಲಿ ಅಡಿಕೆ ಬೇಯುವ ಹಬೆ, ಯಾರದೋ ಕಂಬಳಿ ಕೊಪ್ಪೆಯ ಮುಗ್ಗಲು. ನಾನು ಲಾಟೀನಿನ ಪಕ್ಕ ಕೂತು ಒಂದೊಂದೇ ಸಾಲು ಹೇಳಿಕೊಡುತ್ತಿದ್ದೆ, ಮಕ್ಕಳು ಕೈ ನಿಲ್ಲಿಸದೆ ಹಾಡುತ್ತಿದ್ದರು. ಕತ್ತಿಗೆ ಅಡಿಕೆ ತಾಗುವ ಟಕ್ ಟಕ್ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು. ಸುಗ್ಗಿ ಮುಗಿಯುವುದರೊಳಗೆ ಸುಲಿಯುವ ಹೆಂಗಸರಿಗೂ ನಾಟಕ ಪೂರಾ ಬಾಯಿಪಾಠವಾಯಿತು. ಮಕ್ಕಳು ತಪ್ಪಿದರೆ ನನಗಿಂತ ಮೊದಲು ಅವರೇ ಗದರುತ್ತಿದ್ದರು.

ಮಟ್ಟು ಹಾಕುವ ಹೊಣೆಯನ್ನು ನಾನೇ ಹೊತ್ತಿದ್ದೆ. ಜೋಗಿಯ ಹಾಡಿಗೆ ಹಿಂದೋಳವೆಂದು ನಾನು ತಿಳಿದಿದ್ದ ಏನನ್ನೋ ಕೂರಿಸಿದ್ದೆ. ಎರಡು ರಾತ್ರಿ ಸುಮ್ಮನೆ ಕೇಳಿದ ಒಬ್ಬ ಮುದುಕ, ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯ ಜ್ಯೋತಿ ಹಿಡಿದು ಊರೂರು ಹಾಡಿಕೊಂಡು ಹೋಗುತ್ತಿದ್ದವ, ಕವಳ ಉಗಿದು ಬಂದು, “ಅಯ್ಯಾ, ಇದು ಇಲಿ ಬರೋ ಹಾಡಲ್ಲ, ಇಲಿ ಮಲಗೋ ಹಾಡು,” ಎಂದ. ಆಮೇಲೆ ತಾನೇ ಒಂದು ಎಳೆದ. ಮೊದಲ ಸಾಲು ನೆಲದಲ್ಲೇ ನಡೆದು ಎರಡನೇ ಸಾಲಿನ ಕೊನೆಗೆ ತಟ್ಟನೆ ಏರಿ, ಮೇಲೆಯೇ ನಿಂತುಬಿಡುವ ಮಟ್ಟು. ಏರಿದ್ದು ಇಳಿಯುವುದನ್ನು ಕಾಯುತ್ತ ಕೇಳುವವರು ತಾವಾಗಿಯೇ ಮುಂದಕ್ಕೆ ಬಾಗುತ್ತಿದ್ದರು. ಜೋಗಿಯ ಹಿಂದೆ ಊರೇ ಯಾಕೆ ಹೋಯಿತೆಂದು ಅದನ್ನು ಕೇಳಿದ ಮೇಲೆ ಯಾರೂ ಪ್ರಶ್ನೆ ಮಾಡುವ ಹಾಗಿರಲಿಲ್ಲ. ನನ್ನ ಹಿಂದೋಳ ಅವತ್ತೇ ಅಡಿಕೆ ಸಿಪ್ಪೆಯ ಜೊತೆ ತಿಪ್ಪೆಗೆ ಹೋಯಿತು. ಸಂಭಾವನೆಯೆಂದು ಎರಡು ರೂಪಾಯಿ ಕೊಡಹೋದರೆ ಮುದುಕ ಮುಟ್ಟಲಿಲ್ಲ. ಒಂದು ಕವಳೆ ವೀಳ್ಯದೆಲೆ, ನಾಲ್ಕು ಗೋಟಡಿಕೆ ಇಸಿದುಕೊಂಡ.

ಹಾರ್ಮೋನಿಯಂ ಭಜನಾ ಮಂಡಳಿಯದು, ಬಾಡಿಗೆ ಇಲ್ಲ. ತಿದಿಯಲ್ಲಿ ತೂತು ಇತ್ತು. ಗಂಜಿ ಹಚ್ಚಿ ಕಾಗದ ಅಂಟಿಸಿದೆವು. ನುಡಿಸುತ್ತಿದ್ದವರು ದೇವಸ್ಥಾನದ ಭಟ್ಟರು. ಕಪ್ಪು ಮೂರಕ್ಕೆ ಶ್ರುತಿ ಹಿಡಿದು ಎಲ್ಲ ಸಿದ್ಧವಾದಾಗ, ನಾಟಕಕ್ಕೆ ವಾರವಿದೆ ಎನ್ನುವಾಗ, ಜೋಗಿಯ ಪಾತ್ರದ ಹುಡುಗನ ಗಂಟಲು ಒಡೆಯಿತು. ಬೆಳಿಗ್ಗೆ ಕೋಗಿಲೆ, ಸಂಜೆ ಕೋಣ. ಭಟ್ಟರು ಕಪ್ಪು ಒಂದಕ್ಕೆ ಇಳಿಸಿ ನೋಡಿದರು, ಆಗಲೂ ಮೇಲಿನ ಸ್ವರ ಹತ್ತಲಿಲ್ಲ, ಉಳಿದ ಮಕ್ಕಳಿಗೆ ಕೆಳಗಿನದು ಸಿಗಲಿಲ್ಲ. ಹುಡುಗನನ್ನು ಬದಲಾಯಿಸೋಣವೆಂದರೆ ಬೇರೆ ಹುಡುಗ ಇಲ್ಲ. ಕಡೆಗೆ ಜೋಗಿ ಹಾಡುವುದೇ ಬೇಡ, ಬಾಯಿ ಬಿಡದೆ ಕಿಂದರಿ ಮೀಟುತ್ತ ಕುಣಿಯಲಿ, ಹಾಡನ್ನು ಮೇಳದ ಹುಡುಗಿಯರು ಹಾಡಲಿ ಎಂದಾಯಿತು. ಮಾತಾಡದ ಆ ಜೋಗಿಯನ್ನು ಕಂಡರೆ ನಿಜಕ್ಕೂ ಸ್ವಲ್ಪ ಹೆದರಿಕೆಯಾಗುತ್ತಿತ್ತು. ಕಿಂದರಿ ಎಂದರೆ ಒಣ ಸೋರೆಬುರುಡೆಗೆ ಬಿದಿರು ಸಿಕ್ಕಿಸಿ ಬಾಳೆನಾರು ಬಿಗಿದದ್ದು. ಅದರಿಂದ ಶಬ್ದವೇನೂ ಬರುತ್ತಿರಲಿಲ್ಲ. ಹುಡುಗ ಮಾತ್ರ ದಿನಾ ಅದರ ಕಿವಿ ತಿರುವಿ ಶ್ರುತಿ ಮಾಡಿಕೊಳ್ಳುತ್ತಿದ್ದ.

ಮೇಳದ ಹುಡುಗಿಯರು ಎಂದೆನಲ್ಲ, ಇಡೀ ಹದಿಮೂರರಲ್ಲಿ ಹುಡುಗಿಯರು ಅವರಿಬ್ಬರೇ. ರಂಗದ ಮೇಲೆ ಕುಣಿಯಲು ಯಾವ ಮನೆಯವರೂ ಬಿಡಲಿಲ್ಲ. ಪಕ್ಕದಲ್ಲಿ ಕೂತು, ತಲೆ ತಗ್ಗಿಸಿ, ದೇವರ ನಾಮದ ಹಾಗೆ ಹಾಡುವುದಾದರೆ ಆಗಬಹುದು ಎಂದರು. ಗೌಡನ ಹೆಂಡತಿ ಆರನೇ ತರಗತಿಯ ಹುಡುಗ. ಅವನಿಗೆ ಅವನ ಅತ್ತೆಯ ಇಳಕಲ್ ಸೀರೆ, ಕೈಗೆ ಹಿತ್ತಾಳೆಯ ಕಡಗ. ಸೀರೆ ಕೊಟ್ಟ ಆ ತಾಯಿ ಸೀರೆಯ ಮೇಲೆ ಕಣ್ಣಿಡಲೆಂದೇ ನಾಟಕ ಮುಗಿಯುವವರೆಗೆ ಪರದೆಯ ಹಿಂದೆ ಕೂತಿದ್ದರು.

ವೇಷದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಾಗರದಲ್ಲಿ ಡ್ರಾಮಾ ಡ್ರೆಸ್ಸು ಬಾಡಿಗೆಗೆ ಕೇಳಿದರೆ ರಾಜ, ಮಂತ್ರಿ, ರಾಕ್ಷಸ ಇದ್ದರು, ಇಲಿ ಇರಲಿಲ್ಲ. ಇದ್ದಿದ್ದರೂ ಐವತ್ತು ರೂಪಾಯಿಗೆ ಅವು ನಮ್ಮೂರಿಗೆ ಬರುತ್ತಿರಲಿಲ್ಲ. ಆಗ ಶಾಲೆಯ ಸಣ್ಣ ಮಕ್ಕಳಿಗೆ ಮಧ್ಯಾಹ್ನ ಉಪ್ಪಿಟ್ಟು ಕೊಡುತ್ತಿದ್ದರು. ಅದರ ನುಚ್ಚು ಕೇರ್ ಸಂಸ್ಥೆಯ ಮೂಲಕ ಅಮೆರಿಕದಿಂದ ಬರುತ್ತಿತ್ತು, ದಪ್ಪ ಬಟ್ಟೆಯ ಚೀಲದಲ್ಲಿ. ಚೀಲದ ಮೇಲೆ ಎರಡು ಕೈಗಳು ಕುಲುಕುತ್ತಿರುವ ಮುದ್ರೆ. ಖಾಲಿ ಚೀಲ ಲೆಕ್ಕಕ್ಕೆ ಸೇರಿದ್ದಾದ್ದರಿಂದ ಹೆಡ್‌ಮೇಷ್ಟ್ರು ಏಳನ್ನು ಎಣಿಸಿ, ಬರೆದುಕೊಂಡು ಕೊಟ್ಟರು. ತಳದಲ್ಲಿ ತಲೆಗೊಂದು ತೂತು, ಬದಿಗೆ ಕೈಗೆರಡು ತೂತು ಮಾಡಿದರೆ ಇಲಿಯ ಅಂಗಿ ಆಯಿತು. ಬಣ್ಣ ಮಾತ್ರ ಬಿಳಿ. ಅಡಿಕೆ ಬೇಯಿಸಿದ ಚೊಗರಿನಲ್ಲಿ ಅದ್ದಿ ಒಣಗಿಸಿದೆವು. ಕೆಂಪಾಗಿ, ಏಳು ಸನ್ಯಾಸಿಗಳು ಸಾಲಾಗಿ ಬೇಲಿಯ ಮೇಲೆ ನೇತಾಡಿದ ಹಾಗೆ ಕಂಡಿತು.

ಉಪಾಯ ಹೇಳಿದವಳು ಸುಲಿಯಲು ಬರುತ್ತಿದ್ದ ಒಬ್ಬ ಹೆಂಗಸು. ತನ್ನ ಬೆರಳ ತುದಿ ತೋರಿಸಿದಳು. ಅಡಿಕೆಯ ಒಗರಿಗೆ ಕತ್ತಿಯ ಕಬ್ಬಿಣ ತಾಗಿ ತಾಗಿ ಬೆರಳು ಕಪ್ಪಿಟ್ಟಿತ್ತು. “ಚೊಗರಿಗೆ ಕಬ್ಬಿಣ ಹಾಕಿ ನೋಡಿ ಮೇಷ್ಟ್ರೇ,” ಎಂದಳು. ಹಳೆಯ ಎತ್ತಿನ ಲಾಳ, ಮುರಿದ ಕತ್ತಿಯ ತುಂಡು, ತುಕ್ಕು ಮೊಳೆ ಎಲ್ಲ ಹಾಕಿ ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ಚೊಗರು ಮಸಿಯಾಗಿತ್ತು. ಅದರಲ್ಲಿ ಅದ್ದಿದ ಚೀಲ ಹೊಲದ ಇಲಿಯ ಬೂದುಗಪ್ಪು ಹಿಡಿಯಿತು. ಅಷ್ಟಾದರೂ ಆ ಕೈಕುಲುಕಿನ ಮುದ್ರೆ ಅಳಿಯಲಿಲ್ಲ. ಪ್ರತಿ ಇಲಿಯ ಬೆನ್ನ ಮೇಲೂ ಅಮೆರಿಕ ಭಾರತದ ಕೈ ಹಿಡಿದೇ ಇತ್ತು. ಕಿವಿಗೆ ಅಡಿಕೆ ಹಾಳೆ, ಬಾಲಕ್ಕೆ ಕತ್ತದ ಹಗ್ಗ, ಮೀಸೆಗೆ ಪೊರಕೆಕಡ್ಡಿ. ಹಾಳೆ ಹಸಿಯಿದ್ದಾಗ ಮಡಚಿದ ಕಿವಿ ಒಣಗಿದ ಮೇಲೆ ತಾನಾಗಿಯೇ ಒಳಕ್ಕೆ ಮುದುರಿ ಅಚ್ಚು ಇಲಿಕಿವಿಯಾಯಿತು. ಇಷ್ಟಕ್ಕೂ ಆದ ಖರ್ಚು, ಸುತಳಿ ಉಂಡೆಗೆ 1 ರೂಪಾಯಿ 25 ಪೈಸೆ, ಸೂಜಿ ನೂಲಿಗೆ 75 ಪೈಸೆ.

ಅದೇ ಚೊಗರಿನಲ್ಲಿ ಈಗ ಹೆಗ್ಗೋಡಿನ ಹತ್ತಿರ ಚರಕ ಸಂಸ್ಥೆಯ ಹೆಂಗಸರು ಕೈಮಗ್ಗದ ನೂಲಿಗೆ ಬಣ್ಣ ಕಟ್ಟುತ್ತಾರೆ. ರಂಗಕರ್ಮಿ ಪ್ರಸನ್ನ ಕಟ್ಟಿ ಬೆಳೆಸಿದ ಸಂಸ್ಥೆ. ಬಣ್ಣ ಚೆಂದ, ಕೆಲಸವೂ ಚೊಕ್ಕ. ನನ್ನ ಮಗಳು ಅಲ್ಲಿಯದೊಂದು ಜುಬ್ಬ ತಂದುಕೊಟ್ಟಳು. ಬೆಲೆಚೀಟಿ ನೋಡಿ, ನನ್ನ ಏಳು ಇಲಿಗಳನ್ನು ಆಗಲೇ ಮಾರುಕಟ್ಟೆಗೆ ಬಿಟ್ಟಿದ್ದರೆ ಎಂದುಕೊಂಡೆ.

ಐವತ್ತು ಸಾಲದೆಂದು ಗೊತ್ತಾದಾಗ ವಂತಿಗೆಗೆ ಪಟೇಲರ ಮನೆಗೆ ಹೋದೆ. ಪಟೇಲಿಕೆಯನ್ನು ಸರ್ಕಾರ ತೆಗೆದುಹಾಕಿ ಹತ್ತು ವರ್ಷದ ಮೇಲಾಗಿತ್ತು, ಹೆಸರು ತೆಗೆಯುವುದು ಮಾತ್ರ ಯಾರ ಕೈಲೂ ಆಗಿರಲಿಲ್ಲ. ಅವರು 25 ರೂಪಾಯಿ ಎಣಿಸಿ ಕೈಯಲ್ಲಿಟ್ಟು, ಕತೆ ಕೇಳಿದರು. ಇಲಿ ಓಡಿಸಿದ ಜೋಗಿಗೆ ದುಡ್ಡು ಕೊಡುತ್ತೇನೆಂದ ಗೌಡ ಮಾತು ತಪ್ಪುವಲ್ಲಿಗೆ ಬಂದಾಗ ಅವರ ಮುಖ ಸ್ವಲ್ಪ ಗಂಟಾಯಿತು. “ಆ ಗೌಡ ದುಡ್ಡು ಕೊಟ್ಟುಬಿಟ್ರೆ ಎಂತ ಆಗ್ತದೆ ಮೇಷ್ಟ್ರೇ?”

“ಕತೆ ಅಲ್ಲಿಗೇ ಮುಗೀತದೆ ಪಟೇಲ್ರೇ.”

ಅವರು ಸ್ವಲ್ಪ ಹೊತ್ತು ಅಡಿಕೆ ಕತ್ತರಿಸಿದರು. “ಹಾಂಗಾದ್ರೆ ಕೊಡೋದು ಬೇಡ ಬಿಡಿ,” ಎಂದರು.

ಅವರ ಗಂಟುಮುಖಕ್ಕೆ ಕಾರಣ ಇತ್ತು. 1974ರ ಭೂಸುಧಾರಣೆ ಕಾಯಿದೆ ಬಂದು ಒಕ್ಕಲುಗಳು ಏಳನೇ ನಂಬರಿನ ಫಾರಂ ತುಂಬಿ ‘ಡಿಕ್ಲರೇಶನ್’ ಹಾಕುತ್ತಿದ್ದ ಕಾಲ. ಒಡೆಯರೂ ಒಕ್ಕಲೂ ಹಗಲು ಟ್ರಿಬ್ಯೂನಲ್ಲಿನಲ್ಲಿ ಎದುರುಬದುರು ನಿಂತು, ರಾತ್ರಿ ಒಂದೇ ಚಾಪೆಯ ಎರಡು ತುದಿಯಲ್ಲಿ ಕೂತು ನಾಟಕ ನೋಡಬೇಕು. ಅದು ಸಾಲದೆಂದು, ಡೋಲಕ್ಕಿನ ಚರ್ಮ ಹರಿದಿದ್ದರಿಂದ ನಾನು ತಾಳಕ್ಕೆ ಡಾಲ್ಡಾ ಡಬ್ಬವನ್ನೂ ಭತ್ತ ಅಳೆಯುವ ಕೊಳಗವನ್ನೂ ಇಟ್ಟುಕೊಂಡಿದ್ದೆ. ಕೊಳಗ ಬೋರಲು ಹಾಕಿ ಬಡಿದರೆ ಒಳ್ಳೆಯ ದಪ್ಪ ನಾದ. ಕಾಗೋಡು ನಮಗೆ ದೂರವಲ್ಲ. ಅಲ್ಲಿ 1951ರ ರೈತ ಸತ್ಯಾಗ್ರಹ ಹೊತ್ತಿಕೊಂಡ ಕಾರಣಗಳಲ್ಲಿ ಗೇಣಿ ಅಳೆಯುವ ಕೊಳಗದ ಜಗಳವೂ ಒಂದು. ಗೌಡ ಕೊಟ್ಟ ಮಾತಿಗೆ ತಪ್ಪುವ ಜಾಗದಲ್ಲೇ ಕೊಳಗ ಗುಡುಗುಡು ಎಂದಾಗ ಹಿಂದಿನ ಸಾಲಿನ ಮುದುಕರು ಹೋ ಎಂದು ನಕ್ಕರು. ನಾನು ನನ್ನ ತಾಳಜ್ಞಾನಕ್ಕೆ ಬಂದ ಮೆಚ್ಚುಗೆಯೆಂದು ತಿಳಿದು ಇನ್ನೂ ಜೋರಾಗಿ ಬಡಿದೆ.

ಇನ್ನು ಬೆಳಕು. ಶರಾವತಿಯ ಕರೆಂಟು ಬೆಂಗಳೂರಿನವರೆಗೆ ಹೋಗುತ್ತಿತ್ತು. ಅದಕ್ಕಾಗಿ ಕೇರಿಗಳನ್ನು ಬಿಟ್ಟುಕೊಟ್ಟ ನಮ್ಮ ಸೀಮೆಗೆ ಇನ್ನೂ ಬಂದಿರಲಿಲ್ಲ. ಎರಡು ಗ್ಯಾಸ್‌ಲೈಟು ಬಾಡಿಗೆಗೆ ತಂದೆವು, ರಾತ್ರಿಗೆ ತಲಾ 3 ರೂಪಾಯಿ 50 ಪೈಸೆ. ಮೂರನೆಯದು ಪಟೇಲರ ಮನೆಯದು. ಪೆಟ್ರೋಮ್ಯಾಕ್ಸನ್ನು ಊರಲ್ಲೆಲ್ಲ ಗ್ಯಾಸ್‌ಲೈಟು ಎಂದೇ ಕರೆಯುತ್ತಿದ್ದರು, ಉರಿಯುವುದು ಸೀಮೆಎಣ್ಣೆಯಾದರೂ. ಮ್ಯಾಂಟಲ್ ಕಟ್ಟಿ, ಒಮ್ಮೆ ಸುಟ್ಟು, ಆಮೇಲೆ ಉಸಿರು ಬಿಗಿ ಹಿಡಿದು ಕೂರಿಸಬೇಕು. ಬೆರಳು ತಾಗಿದರೆ ಬೂದಿ, 60 ಪೈಸೆ ಹೋಯಿತು. ಗಂಟೆಗೊಮ್ಮೆ ಗಾಳಿ ಹಾಕದಿದ್ದರೆ ದೀಪ ಹಳದಿಯಾಗಿ ಭುಸುಗುಡುತ್ತದೆ.

ಗಾಳಿ ಹಾಕಲೆಂದು ತಾಲೀಮಿನ ಕೊನೆಯ ರಾತ್ರಿ ಮೂರೂ ದೀಪವನ್ನು ಜಂತಿಯಿಂದ ಕೆಳಗಿಳಿಸಿ ಜಗುಲಿಯ ಅಂಚಿನಲ್ಲಿ ಇಟ್ಟಿದ್ದೆವು. ಹಿಂದೆ ಎರಡು ಪಂಚೆ ಜೋಡಿಸಿ ಹೊಲಿದ ಬಿಳಿ ಪರದೆ. ಇಲಿಯೊಂದು ಅಂಬೆಗಾಲಿಕ್ಕುತ್ತ ಅತ್ತಿಂದಿತ್ತ ಹೋಯಿತು. ಪರದೆಯ ಮೇಲೆ ಮೂರು ಇಲಿ ಹೋದವು. ಒಂದು ದೀಪದ ಹತ್ತಿರ ಬಂದರೆ ಅದರ ನೆರಳು ಮಾಡು ಮುಟ್ಟುವಷ್ಟು ದೊಡ್ಡದು, ದೂರದ ದೀಪದಿಂದ ಬಿದ್ದದ್ದು ಹುಡುಗನಿಗಿಂತ ಸ್ವಲ್ಪವೇ ದೊಡ್ಡದು. ಏಳನ್ನೂ ಒಟ್ಟಿಗೆ ಬಿಟ್ಟೆವು. ಏಳು ಮೂರಲಿ ಇಪ್ಪತ್ತೊಂದು ನೆರಳು, ಒಂದರ ಮೇಲೊಂದು ಹತ್ತಿ, ಹಿಗ್ಗಿ, ಕುಗ್ಗಿ, ಎಣಿಸಲಿಕ್ಕೇ ಬಾರದಷ್ಟು. ಜೊತೆಗೆ ಎಡಗಡೆ ಹೊರಟ ಇಲಿ ಶಾಲೆಯ ಹಿತ್ತಿಲು ಸುತ್ತಿ ಓಡಿ ಬಂದು ಬಲಗಡೆಯಿಂದ ಮತ್ತೆ ಹೊಕ್ಕರೆ ದಂಡು ಮುಗಿಯುವುದೇ ಇಲ್ಲ. ಹೆಡ್‌ಮೇಷ್ಟ್ರು ಎದ್ದು ನಿಂತು, “ಈಗ ಜೋಗಿಯನ್ನ ಕರೆಸಬಹುದು,” ಎಂದರು. ಇಡೀ ನಾಟಕದಲ್ಲಿ ಅವರು ಹೇಳಿದ ಹೊಗಳಿಕೆ ಅದೊಂದೇ.

ಕತ್ತಲೆ ಮಾಡುವುದು ಇನ್ನೊಂದು ತಾಪತ್ರಯ. ಗ್ಯಾಸ್‌ಲೈಟನ್ನು ಆರಿಸಿ ಮತ್ತೆ ಹೊತ್ತಿಸಲು ಹತ್ತು ನಿಮಿಷ ಬೇಕು. ದೀಪದ ಮೇಲೆ ಬಿದಿರಿನ ಕುಕ್ಕೆ ಬೋರಲು ಹಾಕಿದೆವು. ಪೂರಾ ಕತ್ತಲೆಯಾಗಲಿಲ್ಲ. ಕುಕ್ಕೆಯ ಸಂದುಗಳಿಂದ ಬೆಳಕಿನ ಚುಕ್ಕಿ ಜಗುಲಿ ತುಂಬ ಚೆಲ್ಲಿದವು. ಬೆಟ್ಟ ಬಾಯಿ ತೆರೆದು ಮಕ್ಕಳನ್ನು ನುಂಗುವ ದೃಶ್ಯಕ್ಕೆ ನಾನು ಬರೆದುಕೊಂಡಿದ್ದ ಏರ್ಪಾಟುಗಳನ್ನೆಲ್ಲ ಹರಿದು ಹಾಕಿ, ಕುಕ್ಕೆಯನ್ನೇ ನೆಚ್ಚಿಕೊಂಡೆ.

ನಾಟಕದ ದಿನ ಸಂಜೆಯಿಂದಲೇ ಬಣ್ಣ. ಸಫೇದ, ಇಂಗಳೀಕ, ಕಾಡಿಗೆ, ಎಲ್ಲಕ್ಕೂ ಕೊಬ್ಬರಿಎಣ್ಣೆ. ಅದರ ವಾಸನೆಗೆ ಮಕ್ಕಳಿಗೆ ಹಸಿವಾಯಿತು. ಅವಲಕ್ಕಿ, ಬೆಲ್ಲ ಕಲಸಿ ಕೊಟ್ಟೆವು. ಮೀಸೆಯ ಕಡ್ಡಿಯಿಂದಾಗಿ ಇಲಿಗಳಿಗೆ ತಿನ್ನಲಾಗದೆ ಮೇಳದ ಹುಡುಗಿಯರು ತುತ್ತು ಮಾಡಿ ಬಾಯಿಗೆ ಹಾಕಿದರು. ಒಬ್ಬ ಇಲಿ ಅಲ್ಲೇ ನಿದ್ದೆ ಹೋಗಿಬಿಟ್ಟ.

ಆಗ ತುರ್ತು ಪರಿಸ್ಥಿತಿ. ಮುಖ್ಯ ಅತಿಥಿಯಾಗಿ ಬಂದ ಶಾಲಾ ಇನ್‌ಸ್ಪೆಕ್ಟರರು, ಇಪ್ಪತ್ತು ಅಂಶಗಳ ಕಾರ್ಯಕ್ರಮದ ಪ್ರಚಾರ ನಾಟಕದಲ್ಲಿ ಇರಲೇಬೇಕು ಎಂದು ಮೊದಲೇ ಹೇಳಿ ಕಳಿಸಿದ್ದರು. ಇಲಿ ಕತೆಯೊಳಗೆ ಅದನ್ನು ಎಲ್ಲಿ ಹೊಗಿಸಲಿ? ಇಪ್ಪತ್ತೂ ಅಂಶಗಳನ್ನು ದಪ್ಪ ರಟ್ಟಿನ ಮೇಲೆ ಬರೆಸಿ ರಂಗದ ಬದಿಗೆ ಕಟ್ಟಿದೆವು. ಮೊದಲ ದೃಶ್ಯದಲ್ಲಿ ಇಲಿಗಳು ಕಂಡದ್ದನ್ನೆಲ್ಲ ಕಡಿಯಬೇಕೆಂದು ಕಲಿಸಿದ್ದವನು ನಾನೇ. ಎಲ್ಲಕ್ಕಿಂತ ಸಣ್ಣ ಇಲಿ, ಐದನೇ ತರಗತಿಯವ, ಚೀಲ ಕಡಿದ, ಚಾಪೆ ಕಡಿದ, ತಳವಾರನ ಪೇಟ ಕಡಿದ, ಆಮೇಲೆ ರಟ್ಟಿನ ಹತ್ತಿರ ಹೋಗಿ ಹದಿನೇಳನೇ ಅಂಶದಿಂದ ಕೆಳಗೆ ನಿಜವಾಗಿಯೇ ಕಚ್ಚಿ ಹರಿದ. ಜನ ಚಪ್ಪಾಳೆ ತಟ್ಟಿದರು. ಹೆಡ್‌ಮೇಷ್ಟ್ರು ಬೆವರಿ ನೀರಾದರು. ಪುಣ್ಯಕ್ಕೆ ಇನ್‌ಸ್ಪೆಕ್ಟರರು ಭಾಷಣ ಮುಗಿಸಿ ಪಟೇಲರ ಮನೆಗೆ ಊಟಕ್ಕೆ ಹೋಗಿದ್ದರು.

ನಡುವೆ ಒಮ್ಮೆ ಮೇಳ ಸಾಲು ಮರೆತು ನಿಂತಿತು. ಭಟ್ಟರ ಹಾರ್ಮೋನಿಯಂ ಒಂದೇ ಸ್ವರ ಹಿಡಿದು ಕಾಯಿತು. ಆಗ ಪ್ರೇಕ್ಷಕರ ನಡುವಿನಿಂದ ಅಡಿಕೆ ಸುಲಿಯುವ ಹೆಂಗಸರು ಮುಂದಿನ ಸಾಲು ಎತ್ತಿಕೊಂಡರು. ಅಲ್ಲಿಂದ ಕೊನೆಯವರೆಗೆ ಜೋಗಿಯ ಹಾಡನ್ನು ಹಾಡಿದವರು ಅವರೇ. ಅರ್ಧ ನಾಟಕ ರಂಗದ ಮೇಲೆ, ಅರ್ಧ ಚಾಪೆಯ ಮೇಲೆ ನಡೆಯಿತು. ಇಲಿಯಾಗಿದ್ದ ಏಳು ಮಕ್ಕಳೇ ಕಿವಿ, ಬಾಲ, ಮೀಸೆ ಕಿತ್ತು ಬೊಮ್ಮನಹಳ್ಳಿಯ ಮಕ್ಕಳಾಗಿ ಬಂದು, ಅದೇ ಹಾಡಿಗೆ, ಅದೇ ದಾರಿಯಲ್ಲಿ ಜೋಗಿಯ ಹಿಂದೆ ನಡೆದರು. ಚೀಲದ ಅಂಗಿ ಬಿಚ್ಚಲು ಹೊತ್ತಿರಲಿಲ್ಲ.

ಹೆಗ್ಗೋಡಿನಲ್ಲಿ 1949ರಿಂದಲೇ ನೀನಾಸಮ್ ಇದ್ದ ಸೀಮೆ ನಮ್ಮದು, ನಾಟಕದ ರುಚಿ ಗೊತ್ತಿದ್ದವರಿಗೆ ಬರವಿರಲಿಲ್ಲ. ಅಂಥವರೊಬ್ಬರು ಮುಗಿದ ಮೇಲೆ ಬಂದು ನನ್ನ ಕೈ ಹಿಡಿದುಕೊಂಡರು. ಇಲಿಗಳನ್ನೂ ಮಕ್ಕಳನ್ನೂ ಒಂದೇ ಮಾಡಿದ್ದು ಬಹಳ ಆಳವಾದ ಸಂಕೇತ, ಅದರ ಮೇಲೆ ಆ ಕೈಕುಲುಕಿನ ಮುದ್ರೆ ಬೇರೆ, ಭಾರೀ ಧೈರ್ಯ ನಿಮ್ಮದು ಎಂದರು. ನಾನು ಗಡ್ಡ ನೀವಿಕೊಂಡು, ಹೌದು, ಅದೇ ನನ್ನ ಉದ್ದೇಶ ಎಂದೆ. ಲೆಕ್ಕ ನೋಡಿದಾಗ ಖರ್ಚು 71 ರೂಪಾಯಿ 35 ಪೈಸೆ. ಉಳಿದ 3 ರೂಪಾಯಿ 65 ಪೈಸೆಗೆ ಮಕ್ಕಳಿಗೆ ಪೆಪ್ಪರಮೆಂಟು ತಂದೆವು. ಏಳು ಚೀಲವನ್ನು ಹೆಡ್‌ಮೇಷ್ಟ್ರು ‘ಇಲಿ ಕಡಿದು ಹಾಳಾದವು’ ಎಂದು ಬರೆದು ಲೆಕ್ಕದಿಂದ ತೆಗೆದರು.

ಹೋದ ವರ್ಷ ಆ ಶಾಲೆಯ ಈಗಿನ ಟೀಚರ್ ಫೋನ್ ಮಾಡಿ ವಾರ್ಷಿಕೋತ್ಸವಕ್ಕೆ ಕರೆದಳು. ಊರಲ್ಲಿ ಯಾರೋ ಹಳೆಯ ಕತೆ ಹೇಳಿದ್ದರಂತೆ, ‘ಕಿಂದರಿಜೋಗಿ’ಯನ್ನೇ ಆಡಿಸುತ್ತಿದ್ದಾಳೆ. ಈಗ ಶಾಲೆಯ ಒಟ್ಟು ಮಕ್ಕಳು ಒಂಬತ್ತು. ಉಳಿದವರನ್ನು ಹಳದಿ ಬಣ್ಣದ ವ್ಯಾನು ಬೆಳಿಗ್ಗೆ ಏಳೂವರೆಗೆ ಸಾಗರದ ಇಂಗ್ಲಿಷ್ ಶಾಲೆಗಳಿಗೆ ಒಯ್ಯುತ್ತದೆ. ಒಯ್ಯಲಿ, ನನ್ನ ಮೊಮ್ಮಕ್ಕಳೂ ಅಂಥದೇ ವ್ಯಾನು ಹತ್ತುತ್ತಾರೆ. ಅಡಿಕೆ ಸುಲಿಯಲು ಯಂತ್ರ ಬಂದಿದೆ. ಅದರ ಗರಗರದಲ್ಲಿ ಪಕ್ಕದವರ ಮಾತೇ ಕೇಳುವುದಿಲ್ಲ, ಹಾಡು ದೂರ ಉಳಿಯಿತು. ಯಾರ ಬೆರಳೂ ಕಪ್ಪಿಲ್ಲ, ಸುಗ್ಗಿಯೆಂದು ಯಾವ ಮಗುವೂ ಶಾಲೆ ತಪ್ಪಿಸುವುದಿಲ್ಲ.

ಹಾರ್ಮೋನಿಯಂ ಇಲ್ಲ, ಮೊಬೈಲಿನಲ್ಲಿ ಟ್ರ್ಯಾಕು. ಇಲಿಯ ಮುಖವಾಡ ಆನ್‌ಲೈನಿನಲ್ಲಿ ತರಿಸಿದ್ದು, ಒಂದಕ್ಕೆ 149 ರೂಪಾಯಿ, ಮೂಸಿದರೆ ಹೊಸ ಚಪ್ಪಲಿಯ ವಾಸನೆ. ಮೈಕ್‌ಸೆಟ್ಟಿಗೆ 2,500, ಶಾಮಿಯಾನಕ್ಕೆ 4,000. ನಾನು ದೊಡ್ಡ ಗುಟ್ಟು ಬಿಟ್ಟುಕೊಡುವವನ ಹಾಗೆ ಮೂರು ದೀಪದ ನೆರಳಿನ ಉಪಾಯ ಹೇಳಿದೆ. ಟೀಚರ್ ಪ್ರಾಮಾಣಿಕವಾಗಿ ಪ್ರಯತ್ನಿಸಿದಳು. ಗೋಡೆಗೆ ರೈಲುಗಾಡಿಯ ಚಿತ್ರ ಬರೆದಿದ್ದರಿಂದ ಇಲಿಗಳ ನೆರಳು ಬೋಗಿಯ ಕಿಟಕಿಗಳಲ್ಲಿ ಕಳೆದುಹೋಯಿತು. “ಬಿಡಿ ಸರ್, ನಾನು ಬೇರೆ ಮಾಡಿದೀನಿ,” ಎಂದಳು. ಅವಳು ಮಾಡಿದ್ದು ಏನೆಂದರೆ, ಮಕ್ಕಳ ತಾಯಂದಿರು, ಬಿಸಿಯೂಟದ ಅಕ್ಕ, ಸ್ವಸಹಾಯ ಸಂಘದ ಹೆಂಗಸರು, ಇಬ್ಬರು ಅಜ್ಜಿಯರು, ಎಲ್ಲರನ್ನೂ ಇಲಿ ಮಾಡಿದ್ದು. ಮೂವತ್ತಕ್ಕೂ ಮೇಲೆ ಇಲಿಗಳು ಸೆರಗು ಸಿಕ್ಕಿಸಿಕೊಂಡು ಪ್ರೇಕ್ಷಕರ ನಡುವಿನಿಂದಲೇ ಎದ್ದು ನುಗ್ಗಿದವು. ನನ್ನ ಕಾಲದಲ್ಲಿ ಮಗಳನ್ನು ತಲೆ ತಗ್ಗಿಸಿ ಹಾಡಲು ಮಾತ್ರ ಬಿಟ್ಟಿದ್ದ ಮನೆಯ ಸೊಸೆ ಗೌಡನ ಉಪ್ಪಿನಕಾಯಿ ಭರಣಿಯನ್ನೇ ಹೊತ್ತುಕೊಂಡು ಓಡಿದಳು. ಇಪ್ಪತ್ತೊಂದು ನೆರಳಿಗಿಂತ ಇದು ಎಷ್ಟೋ ಚೆನ್ನಾಗಿತ್ತು ಎಂದು ಹೇಳಲು ನನಗೇನೂ ಸಂಕೋಚವಿಲ್ಲ. ಜೋಗಿಯಾದವಳು ಆರನೇ ತರಗತಿಯ ಹುಡುಗಿ, ಯೂಟ್ಯೂಬ್ ನೋಡಿ ಹಾಡು ಕಲಿತವಳು. ಮೇಲಿನ ಷಡ್ಜ ಮುಟ್ಟಿ ಅಲ್ಲೇ ನಿಂತಳು. ನಮ್ಮ ಕೋಣ-ಕೋಗಿಲೆಯ ಕೈಲಿ ಎಂದೂ ಆಗದಿದ್ದ ಕೆಲಸ.

ಆ ಕೋಣ-ಕೋಗಿಲೆ ಈಗ ಹಿನ್ನೀರಿನ ಅಂಚಿನಲ್ಲಿ ಹೋಮ್‌ಸ್ಟೇ ನಡೆಸುತ್ತಾನೆ. ಅವನ ಜಗುಲಿಯಲ್ಲಿ ಒಂದು ಗ್ಯಾಸ್‌ಲೈಟು ತೂಗುಹಾಕಿದೆ, ಒಳಗೆ ಎಲ್‌ಇಡಿ ಬಲ್ಬು. ಬೆಂಗಳೂರಿನವರು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರಂತೆ. ನಾಟಕಕ್ಕೆ ಬಂದವ ನನ್ನ ಪಕ್ಕ ಕೂತು ಇಡೀ ಹೊತ್ತು ಕಾಣದ ಕಿಂದರಿಯನ್ನು ಮೀಟುತ್ತಿದ್ದ.

ಅಂದಿನ ಗೌಡನೂ ಬಂದಿದ್ದ. ಅರವತ್ತು ದಾಟಿದೆ, ಮಂಡಿ ವ್ಯಾಪಾರದಲ್ಲಿ ಚೆನ್ನಾಗಿ ಮಾಡಿಕೊಂಡಿದ್ದಾನೆ. ಮಾತಾಡಲು ಮೈಕ್ ಕೊಟ್ಟಾಗ ಹಳೆಯ ಶಾಲೆಯ ಋಣ ನೆನೆದು ಗದ್ಗದನಾಗಿ, ಶಾಮಿಯಾನದ 4,000 ರೂಪಾಯಿ ತನ್ನದೇ ಎಂದು ಘೋಷಿಸಿದ. ಜೋರು ಚಪ್ಪಾಳೆ ಬಿತ್ತು, ಟೀಚರ್ ಶಾಲು ಹೊದಿಸಿದಳು. ಹದಿನೈದು ದಿನ ಬಿಟ್ಟು ಅವಳು ಇನ್ಯಾವುದಕ್ಕೋ ಫೋನ್ ಮಾಡಿದಾಗ ಕೇಳಿದೆ, ಗೌಡ ದುಡ್ಡು ಕೊಟ್ಟನಾ ಎಂದು.

“ನಿನ್ನೆ ಫೋನ್‌ಪೇ ಮಾಡಿದ್ರು ಸರ್,” ಎಂದಳು. “ಐನೂರು ಕಡಿಮೆ.”